ನಾಯಿ ಇಲ್ಲದ ಮೂಗು

ನಮ್ಮ ಚಿಕ್ಕಪ್ಪ ಮೂಗು ಮಾರಿ ಸಂಸಾರ ನಡೆಸುತ್ತಾರೆ ಎಂದರೆ ನೀವು ನಂಬುವುದಿಲ್ಲ. ಮೊದಮೊದಲು ನಮ್ಮೂರಿನವರೂ ನಂಬಿರಲಿಲ್ಲ. ಈಗ ಹೊಸಕೋಟೆಯಿಂದ ಬಸ್ಸು ಹತ್ತಿ ನಮ್ಮೂರ ಗೇಟಿನಲ್ಲಿ ಇಳಿದು, ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತ ಯಾರನ್ನಾದರೂ 'ಮೂಗಿನ ಫ್ಯಾಕ್ಟರಿಯವರ ಮನೆ ಯಾವುದು?' ಎಂದು ಕೇಳಿ ನೋಡಿ. ಕ್ಯಾನು ಕೆಳಗಿಟ್ಟು, ಮನೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ!

ಅವರ ಮುಖದ ಮೇಲಿರುವ ಮೂಗಿನ ಮಾತಲ್ಲ ಇದು. ಅದು ನಮ್ಮ ವಂಶದ ಮೂಗು; ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ನನಗೂ ಅದೇ ಬಂದಿದೆ. ಹೆಲ್ಮೆಟ್ ಹಾಕುವಾಗ ಮೊದಲು ಮೂಗನ್ನು ಒಳಗೆ ಕಳಿಸಿ, ಅದು ಕ್ಷೇಮವಾಗಿ ತಲುಪಿದ ಮೇಲೆ ತಲೆಯನ್ನು ಕಳಿಸಬೇಕು.

ಹೊಸಕೋಟೆಯ ಆಚೆಗೆ, ಕಾರ್ಖಾನೆಗಳ ಸಾಲಿನಲ್ಲಿ, ಒಂದು ಗಾಜಿನ ಕಟ್ಟಡವಿದೆ. ನಮ್ಮ ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳಿರುತ್ತವಲ್ಲ, ಅವುಗಳ ಮೈಮೇಲೆ ರಿಸೆಪ್ಟರ್ ಎಂಬ ಪ್ರೋಟೀನುಗಳಿರುತ್ತವಂತೆ. ಯಾರು ನಮ್ಮವರು, ಯಾರು ಹೊರಗಿನವರು ಎಂದು ಗುರುತು ಹಿಡಿಯಲು ನೆರವಾಗುವವು ಅವು. ಆ ಪ್ರೋಟೀನನ್ನು ಈ ಕಟ್ಟಡದಲ್ಲಿ ತಯಾರಿಸಿ, ಕಿರುಬೆರಳ ತುದಿಯಷ್ಟಿರುವ ಶೀಶೆಗಳಿಗೆ ತುಂಬಿ, ದೇಶವಿದೇಶದ ಪ್ರಯೋಗಾಲಯಗಳಿಗೆ ಕಳಿಸುತ್ತಾರೆ. ನಮ್ಮ ಚಿಕ್ಕಪ್ಪ ಅಲ್ಲಿ ಪ್ಯಾಕಿಂಗ್ ವಿಭಾಗದವರು. ಮಂಜಿನ ಕೋಣೆಯಿಂದ ಶೀಶೆ ತಂದು, ಥರ್ಮಾಕೋಲ್ ಡಬ್ಬದಲ್ಲಿ ಡ್ರೈ ಐಸ್ ನಡುವೆ ಮಲಗಿಸಿ, ಟೇಪು ಸುತ್ತಿ ಕಳಿಸುವುದು ಅವರ ಕೆಲಸ.

ಈ ಕೆಲಸ ಎಂಥದ್ದು ಎಂದು ಮನೆಯಲ್ಲಿ ಬಹಳ ಕಾಲ ಯಾರೂ ಕೇಳಿರಲಿಲ್ಲ. ಸಂಬಳ ಬರುತ್ತಿತ್ತು, ಕಂಪನಿ ಬಸ್ಸು ಬರುತ್ತಿತ್ತು, ದೀಪಾವಳಿಗೆ ಸ್ವೀಟ್ ಬಾಕ್ಸು ಬರುತ್ತಿತ್ತು, ಇನ್ನೇನು ಬೇಕು? ಕೇಳುವಂತೆ ಮಾಡಿದ್ದು ಚಿಕ್ಕಮ್ಮನ ಬೆರಳುಗಳು. ಸುಡುಸುಡು ರಾಗಿಮುದ್ದೆಯನ್ನು ಒಂದೇ ಕೈಯಲ್ಲಿ ಉಂಡೆ ಕಟ್ಟಿ, ನಿಂತಲ್ಲಿಂದಲೇ ತಟ್ಟೆಯ ನಡುಮಧ್ಯಕ್ಕೆ ಎಸೆಯುತ್ತಿದ್ದ ಹೆಂಗಸು ಅವರು. ಅಂಥವರಿಗೆ ಒಂದು ಬೆಳಗ್ಗೆ ಲೋಟ ಹಿಡಿಯಲಾಗಲಿಲ್ಲ. ಬೆರಳ ಗೆಣ್ಣುಗಳೆಲ್ಲ ಊದಿಕೊಂಡಿದ್ದವು. ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಮೈ ಕಾಯುವ ಕಣಗಳೇ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ಬೀಳುತ್ತಿವೆ, ಮಾತ್ರೆಯಿಂದ ಹಿಡಿತದಲ್ಲಿಡಬಹುದು, ಬೇರು ಸಮೇತ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ ಎಂದರು.

ಜಗಲಿಯ ಮೇಲೆ ಕೂತಿದ್ದ ಅಜ್ಜಿಗೆ ಇದು ಅರ್ಥವಾಗಲಿಲ್ಲ. "ಅದೆಂಗಲಾ ನಮ್ ಮೈಯೇ ನಮ್ಮನ್ನ ಕಡಿಯುತ್ತೆ?"

ಚಿಕ್ಕಪ್ಪ ಬಿಡಿಸಿ ಹೇಳಿದರು: "ಅವ್ವಾ, ಮನೆ ಕಾಯೋಕೆ ನಾಯಿ ಸಾಕಿರ್ತೀವಾ? ಕಳ್ಳ ಯಾರು ಅಂತ ಅದು ಹೆಂಗೆ ಕಂಡುಹಿಡಿಯುತ್ತೆ? ಮೂಸಿ! ಮೂಗು ಕೆಟ್ಟೋದ್ರೆ ಮನೆಯವರನ್ನೇ ಕಳ್ಳರು ಅಂದ್ಕೊಂಡು ಕಚ್ಚುತ್ತೆ. ಇವಳಿಗೆ ಆಗಿರೋದು ಅದೇ."

"ಹಂಗಾದ್ರೆ ನಾಯಿ ಕಟ್ಟಾಕ್ಬೇಕಪ್ಪ."

"ಡಾಕ್ಟ್ರು ಕೊಟ್ಟಿರೋ ಮಾತ್ರೆ ಅದೇ ಅಲ್ವಾ, ಸರಪಳಿ! ನಮ್ ಕಂಪ್ನೀಲಿ ಮಾಡೋದು ಆ ಮೂಗನ್ನ. ನಾಯಿ ಇರಲ್ಲ. ಬರೀ ಮೂಗು."

ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ನಾಯಿ ಇಲ್ದಿರೋ ಮೂಗು ಕಟ್ಕೊಂಡು ಯಾರ್ ಏನ್ ಮಾಡ್ತಾರಪ್ಪ?"

"ಅದರ ಮುಂದೆ ಒಂದೊಂದೇ ವಸ್ತು ಹಿಡಿದು, ಯಾವುದನ್ನ ಮೂಸುತ್ತೆ, ಯಾವುದನ್ನ ಬಿಡುತ್ತೆ ಅಂತ ಓದಿರೋರು ನೋಡ್ತಾರೆ. ಅದು ಗೊತ್ತಾದ್ರೆ ಮುಂದೆ ಔಷಧಿ ಮಾಡ್ಬೋದು."

"ಯಾರ ಮೂಗದು?"

"ಮನುಷ್ಯರದ್ದೇ. ಆದ್ರೆ ಮನುಷ್ಯರಿಂದ ಕೀಳಲ್ಲ. ಅದರ ಅಚ್ಚು ತೆಗೆದು, ಇಲಿ ಜಾತಿ ಜೀವಕೋಶದೊಳಗೆ ಇಡ್ತಾರೆ. ಅದು ತನ್ನದೇ ಅಂದ್ಕೊಂಡು ಮಾಡ್ಕೊಡುತ್ತೆ."

"ಕಾಗೆ ಗೂಡಲ್ಲಿ ಕೋಗಿಲೆ ಮೊಟ್ಟೆ ಇಟ್ಟಂಗೆ ಅನ್ನು."

"ಹೂಂ ಅವ್ವಾ, ಅದೇ!"

"ಥೂ! ಇಲಿಗೂ ಮೋಸ ಮಾಡ್ತೀರಲ್ಲೋ, ಹಾಳಾದೋರಾ!"

ಅಜ್ಜಿಗೆ ಹೇಳಿದ ಮೇಲೆ ಊರಿಗೆ ಬೇರೆ ಹೇಳಬೇಕೆ? ಸಂಜೆ ಹಾಲು ಹಾಕುವ ಹೊತ್ತಿಗೆ ಚಿಕ್ಕಪ್ಪನ ಕಂಪನಿಗೆ ಮೂಗಿನ ಫ್ಯಾಕ್ಟರಿ ಎಂದು ನಾಮಕರಣವಾಗಿತ್ತು.

ಇನ್ನು ನಮ್ಮ ಚಿಕ್ಕಪ್ಪನ ಲೀಲೆಗಳು. ಶಿವರಾತ್ರಿ ಕಳೆದು, ಬಿಸಿಲಿಗೆ ಟಾರು ಕರಗಿ ಚಪ್ಪಲಿಗೆ ಅಂಟುವಾಗಲೂ ಅವರ ಮೈಮೇಲೆ ಉಣ್ಣೆಯ ಸ್ವೆಟರ್. ದಿನವಿಡೀ ಮಂಜಿನ ಕೋಣೆಗೆ ಹೋಗಿ ಬರುವವರಿಗೆ ಹೊರಗಿನ ಕಾಲವೇ ಲೆಕ್ಕಕ್ಕಿಲ್ಲ. "ಏನ್ ಗುರು, ಈ ಬಿಸಿಲಲ್ಲಿ ಸ್ವೆಟ್ರಾ?" ಎಂದು ಯಾರಾದರೂ ಕೇಳಿದರೆ, "ಒಳಗೆ ಮೈನಸ್ ಎಂಬತ್ತು ಡಿಗ್ರಿ ಫ್ರೀಜರ್ ಇದೆ" ಎನ್ನುತ್ತಾರೆ. ಕೇಳಿದವರು ಸ್ವೆಟರಿನ ಒಳಗೇ ಫ್ರೀಜರಿದೆ ಎಂದುಕೊಂಡು ಒಮ್ಮೆ ಮುಟ್ಟಿ ನೋಡುತ್ತಾರೆ!

ಶೀಶೆಯ ಬುಡಕ್ಕೆ ಕೈಯ ಬಿಸಿ ತಾಗಬಾರದು, ಕೊರಳನ್ನು ಎರಡು ಬೆರಳಲ್ಲಿ ಹಿಡಿಯಬೇಕು ಎಂಬುದು ಅಲ್ಲಿಯ ನಿಯಮ. ಆ ಅಭ್ಯಾಸ ಬಿಡುವುದು ಹೇಗೆ? ಟೀ ಲೋಟವನ್ನೂ ಅಂಚಿನಲ್ಲಿ ಎರಡು ಬೆರಳಿಂದ ಎತ್ತುತ್ತಾರೆ, ಹರಿವಾಣದ ಕುಂಕುಮದ ಬಟ್ಟಲನ್ನೂ ಹಾಗೆಯೇ. ನನ್ನ ಅಕ್ಕನ ಮಗುವಿನ ನಾಮಕರಣದಲ್ಲಿ ಮಗುವನ್ನು ಅವರ ಕೈಗೆ ಕೊಟ್ಟರು ನೋಡಿ, ಅದರ ಅಂಗಿಯ ಕೊರಳಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ಎಲ್ಲಿ ಇಡಲಿ ಎಂದು ಸುತ್ತ ನೋಡಿದರು. ಅಕ್ಕ ಕಿರುಚಿದ ಸದ್ದಿಗೆ ಓಲಗದವರು ಗಾಬರಿಯಾಗಿ ಮದುವೆಯ ಗಟ್ಟಿಮೇಳ ಬಾರಿಸಿಬಿಟ್ಟರು. ಮಗುವಿಗೆ ಹೆಸರಿಡುವ ಮೊದಲೇ ಮದುವೆಯಾಯಿತು ಎಂದು ಈಗಲೂ ಹೇಳಿಕೊಂಡು ನಗುತ್ತಾರೆ.

ನೊರೆ ಕಂಡರಂತೂ ಅವರಿಗೆ ಜೀವವೇ ಹೋಗುತ್ತದೆ. ಪ್ರೋಟೀನನ್ನು ಕುಲುಕಿದರೆ ನೊರೆ ಬಂದು ಅದರ ಆಕಾರ ಕೆಡುತ್ತದಂತೆ; ಆಕಾರ ಕೆಟ್ಟರೆ ಮೂಗು ಮೂಗಲ್ಲ. ನಮ್ಮೂರ ಗೇಟಿನ ಹೋಟೆಲಿನವರು ಕಾಫಿಯನ್ನು ಮೊಳದುದ್ದ ಎತ್ತಿ ಇಳಿಸಿ ನೊರೆ ಬರಿಸುವುದಕ್ಕೆ ಹೆಸರಾದವರು. ಅವರ ಮುಂದೆ ನಿಂತು ಚಿಕ್ಕಪ್ಪ, "ಅಯ್ಯಯ್ಯೋ, ಮೆಲ್ಲಗೆ ತಿರುಗಿಸಿ! ಕೊಂದ್ಬಿಟ್ರಿ, ಕೊಂದ್ಬಿಟ್ರಿ!" ಎಂದು ಕೂಗಿದ್ದಾರೆ. ಒಳಗೆ ಯಾರದೋ ಕೊಲೆಯಾಗುತ್ತಿದೆ ಎಂದು ಬಸ್ಸಿಗೆ ಕಾಯುತ್ತಿದ್ದವರು ಓಡಿಬಂದರು. ಬಂದವರೆಲ್ಲ ಕಾಫಿ ಕುಡಿದು ಹೋದರು. ಹೋಟೆಲಿನವರಿಗೆ ಅವತ್ತಿನಿಂದ ಚಿಕ್ಕಪ್ಪನ ಮೇಲೆ ವಿಪರೀತ ಗೌರವ.

ಒಂದು ಸಲ ಕರಗಿಸಿದ್ದನ್ನು ಮತ್ತೆ ಮಂಜುಗಟ್ಟಿಸಬಾರದು, ಆದ್ದರಿಂದ ಮೊದಲೇ ಸಣ್ಣ ಸಣ್ಣ ಪಾಲು ಮಾಡಿಡಬೇಕು ಎಂಬುದು ಇನ್ನೊಂದು ನಿಯಮ. ಚಿಕ್ಕಮ್ಮನಿಗೆ ಕೈಲಾಗದ ಮೇಲೆ ಅಡುಗೆಮನೆ ಚಿಕ್ಕಪ್ಪನ ವಶಕ್ಕೆ ಬಂತಲ್ಲ, ಅಲ್ಲಿಗೂ ಈ ನಿಯಮ ಬಂತು. ಉಪ್ಪಿನಕಾಯಿ, ಹುಳಿ, ಚಟ್ನಿಪುಡಿ, ಎಲ್ಲವೂ ಬೆರಳುಗಾತ್ರದ ಡಬ್ಬಿಗಳಲ್ಲಿ. ಮುದ್ದೆಯೋ, ಗೋಲಿಯಷ್ಟು! ನಾನು ಒಂದು ದಿನ ಊಟಕ್ಕೆ ಕೂತು, "ಚಿಕ್ಕಪ್ಪ, ಇದನ್ನ ನುಂಗ್ಬೇಕಾ, ಆಡ್ಬೇಕಾ?" ಎಂದು ಕೇಳಿದೆ.

"ತಿನ್ನೋದಾದ್ರೆ ತಿನ್ನು. ನಿನ್ ತಲೇಲಿರೋ ಬುದ್ಧಿನೂ ಇಷ್ಟೇ ಇರೋದು, ಅದನ್ನೇನ್ ಮಾಡ್ತಿದ್ದೀಯ?"

ಚಿಕ್ಕಮ್ಮ ಕೂತಲ್ಲೇ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರ ನಗುವನ್ನು ಕೇಳಲೆಂದೇ ಚಿಕ್ಕಪ್ಪ ಗೋಲಿ ಕಟ್ಟುತ್ತಿದ್ದರೋ ಏನೋ ಎಂಬ ಅನುಮಾನ ನನಗಿದೆ. ಮುದ್ದೆಯ ವಿಷಯದಲ್ಲಿ ಅದನ್ನು ಬಿಟ್ಟರೆ ಬೇರೆ ಸಮರ್ಥನೆ ಇಲ್ಲ.

ಈ ನಡುವೆ ಊರಿನವರ ಅರ್ಜಿಗಳು ಬೇರೆ. ಒಬ್ಬರಿಗೆ ಮಂಡಿನೋವಿಗೆ ಒಂದು ಶೀಶೆ ಬೇಕು. ಇನ್ನೊಬ್ಬರಿಗೆ ಕೆಚ್ಚಲು ಬಾವು ಬಂದ ಹಸುವಿಗೆ ಬೇಕು. ಮೂರನೆಯವರಿಗೆ ತಮಗೂ ಬೇಡ, ಹಸುವಿಗೂ ಬೇಡ, "ಮನೇಲಿ ಒಂದಿರ್ಲಿ ಬಿಡಿ, ಯಾವತ್ತಾದ್ರೂ ಆಗುತ್ತೆ!" ಚಿಕ್ಕಪ್ಪ ಎಲ್ಲರಿಗೂ ಫೋನಿನಲ್ಲಿದ್ದ ಒಂದೇ ಫೋಟೋ ತೋರಿಸುತ್ತಿದ್ದರು. ಶೀಶೆಯ ಮೇಲಿನ ಚೀಟಿಯ ಫೋಟೋ. ಅದರಲ್ಲಿದ್ದ ಇಂಗ್ಲಿಷನ್ನು ತಾವೇ ಓದಿ ಅರ್ಥ ಹೇಳುತ್ತಿದ್ದರು: "ಸಂಶೋಧನೆಗೆ ಮಾತ್ರ. ಮನುಷ್ಯರ ಮೇಲೆ ಬಳಸುವಂತಿಲ್ಲ." ಅಲ್ಲಿಗೆ ಬಹಳ ಜನ ಸುಮ್ಮನಾದರು.

ಸುಮ್ಮನಾಗದವರು ನಂದಗುಡಿ ಮಾವ.

ನಂದಗುಡಿ ಮಾವ ಎಂದರೆ ಚಿಕ್ಕಮ್ಮನ ಒಡಹುಟ್ಟಿದ ಅಣ್ಣ. ತರಕಾರಿ ಬೆಳೆದು ಮಂಡಿಗೆ ಹಾಕುವವರು. ಟೊಮೇಟೊ ಹರಾಜಿನಲ್ಲಿ ಪಳಗಿದ ದನಿ. ಗುಟ್ಟು ಹೇಳಿದರೂ ಪಕ್ಕದ ಊರಿನವರು 'ಹೌದಾ?' ಎನ್ನಬೇಕು. ನಾನು ಇಡೀ ತಾಲ್ಲೂಕಿನ ದನಿಗಳನ್ನು ಅಣಕು ಮಾಡಿದ್ದೇನೆ, ಅವರದೊಂದನ್ನು ಮಾಡಿದರೆ ಮಾತ್ರ ಮಾರನೆಯ ದಿನ ಗಂಟಲಿಗೆ ಉಪ್ಪುನೀರು ಬೇಕಾಗುತ್ತದೆ. ಅವರು ಒಂದು ಭಾನುವಾರ ಒಂದು ಚೀಲ ಬೀನ್ಸ್ ಹೊತ್ತು ಬಂದು, ತಂಗಿ ಎರಡೂ ಕೈ ಸೇರಿಸಿ ಲೋಟ ಎತ್ತುವುದನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ನೀರು ಬಂದರೆ ಅವರಿಗೆ ಸಿಟ್ಟು ಬರುತ್ತದೆ.

"ಏನ್ ಭಾವ, ಊರಿಗೆಲ್ಲಾ ಡಬ್ಬ ಕಳಿಸ್ತೀಯ. ಮನೇಲಿರೋ ಹೆಂಡ್ತಿಗೆ ಒಂದ್ ಹನಿ ತರೋಕಾಗಲ್ವಾ?"

"ಅದು ಔಷಧಿ ಅಲ್ಲ ಭಾವ."

"ಔಷಧಿ ಅಲ್ದೆ ಮತ್ತೇನು, ಊದ್ಬತ್ತಿನಾ? ಇವಳ ಮೈಯಲ್ಲಿ ಮೂಗು ಕೆಟ್ಟೋಗಿದೆ. ನಿಮ್ಹತ್ರ ಒಳ್ಳೆ ಮೂಗು ಐತೆ. ಹಾಕಿದ್ರೆ ಮುಗೀತು!"

"ಪಂಪ್‌ಸೆಟ್ಟಿಗೆ ವಾಷರ್ ಹಾಕ್ದಂಗಲ್ಲ ಭಾವ ಅದು!"

"ನಿಂಗೆ ಮನಸ್ಸಿಲ್ಲ ಅನ್ನು."

ಚಿಕ್ಕಮ್ಮ ಗಂಡನ ಕಡೆಗೇ ನೋಡುತ್ತಿದ್ದರು. ಆ ನೋಟದಲ್ಲಿ ಅಣ್ಣನ ಪ್ರಶ್ನೆಯೇ ಇತ್ತು, ದನಿ ಇರಲಿಲ್ಲ ಅಷ್ಟೆ.

ಮಾರನೆಯ ದಿನ ಮಾವ ನನ್ನ ಬೈಕಿನ ಹಿಂದೆ ಕೂತು, "ಹೊಸಕೋಟೆಗೆ ಬಿಡಪ್ಪಾ, ಮಂಡೀಲಿ ಕೆಲ್ಸ ಐತೆ" ಎಂದರು. ಹೊಸಕೋಟೆ ಬಂತು, ಹೋಯಿತು. "ಇನ್ನೂ ಮುಂದೆ, ಇನ್ನೂ ಮುಂದೆ" ಎಂದು ಭುಜ ಒತ್ತುತ್ತ, ಗಾಜಿನ ಕಟ್ಟಡದ ಗೇಟಿನ ಮುಂದೆ ನಿಲ್ಲಿಸಿದರು. ಬುದ್ಧಿಯಿದ್ದವನು ಅಲ್ಲಿಂದಲೇ ಗಾಡಿ ತಿರುಗಿಸುತ್ತಿದ್ದ. ನಾನು ಸ್ಟ್ಯಾಂಡ್ ಹಾಕಿ, ಚೆನ್ನಾಗಿ ಕಾಣುವ ಜಾಗ ನೋಡಿ ನಿಂತೆ. ಇಂಥ ನಾಟಕ ಟಿಕೆಟ್ ಕೊಂಡರೂ ಸಿಗುತ್ತದೆಯೆ?

ಸೆಕ್ಯೂರಿಟಿಯವರು, "ಯಾರನ್ನ ನೋಡ್ಬೇಕಿತ್ತು?" ಎಂದರು.

"ಯಾರನ್ನೂ ನೋಡ್ಬೇಕಾಗಿಲ್ಲ. ಒಂದ್ ಮೂಗು ಬೇಕಿತ್ತು."

ಸೆಕ್ಯೂರಿಟಿಯವರು ಮಾವನ ಮುಖ ನೋಡಿದರು. ಇತ್ತಲ್ಲ! ಆಮೇಲೆ ನನ್ನ ಮುಖ ನೋಡಿದರು. ಇಲ್ಲಿಯಂತೂ ಎರಡು ಮನೆಗೆ ಸಾಲುವಷ್ಟಿತ್ತು!

"ಇದು ಆಸ್ಪತ್ರೆ ಅಲ್ಲ ಯಜಮಾನ್ರೇ."

"ಗೊತ್ತು ಕಣಪ್ಪ. ನಮ್ ತಂಗಿಗೆ. ಮನುಷ್ಯರದ್ದೇ ಕೊಡಿ. ಇಲಿದು ಕಲಬೆರಕೆ ಮಾಡ್ಬೇಡಿ."

ಟೊಮೇಟೊ ಹರಾಜಿನ ದನಿ. ಮೊದಲ ಮಹಡಿಯ ಕಿಟಕಿಗಳಲ್ಲಿ ಬಿಳಿ ಕೋಟುಗಳು ಒಂದೊಂದಾಗಿ ಕಾಣಿಸಿಕೊಂಡವು. ಕೊನೆಗೆ ಅಲ್ಲಿಯ ಮುಖ್ಯಸ್ಥೆಯಾದ ಮೇಡಂ ಒಬ್ಬರು ತಾವೇ ಕೆಳಗಿಳಿದು ಬಂದು, ನಮ್ಮನ್ನು ಒಳಗಡೆ ಕೂರಿಸಿ ನೀರು ಕೊಟ್ಟು, ಮಾವನಿಂದ ನಾಯಿ ಮೂಗಿನ ಕಥೆಯನ್ನೆಲ್ಲ ಕೇಳಿ, ಚಿಕ್ಕಪ್ಪನನ್ನು ಕರೆಸಿದರು. ಚಿಕ್ಕಪ್ಪ ಸ್ವೆಟರಿನಲ್ಲಿಯೇ ಬಂದರು. ನಮ್ಮನ್ನು ಕಂಡ ಕೂಡಲೇ ಅವರ ಮುಖ ಅವರ ಡ್ರೈ ಐಸಿಗಿಂತ ಬೆಳ್ಳಗಾಯಿತು.

"ನಾಯಿ ಮೂಗಿನ ಕಥೆ ಹೇಳಿದ್ದು ನೀವೇನಾ?" ಎಂದರು ಮೇಡಂ.

"ಹೌದು ಮೇಡಂ. ನಮ್ ತಾಯಿಗೆ ಅರ್ಥ ಆಗ್ಲಿ ಅಂತ..."

"ಅರ್ಧ ಸರಿ ಇದೆ. ಇನ್ನರ್ಧದಿಂದ ಇವರು ಇಲ್ಲಿಗೆ ಬಂದಿದ್ದಾರೆ." ಆಮೇಲೆ ಅವರು ಮಾವನ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ಇದು ಪರೀಕ್ಷೆ ಮಾಡೋಕೆ ಅಂತ ಮಾಡಿರೋದು, ಯಜಮಾನ್ರೇ. ಮೈಗೆ ಚುಚ್ಚೋಕಲ್ಲ. ಕೊಟ್ಟರೆ ನಿಮ್ಮ ತಂಗಿಗೆ ಒಳ್ಳೇದಾಗಲ್ಲ, ಕೆಟ್ಟದ್ದಾಗ್ಬೋದು. ಶೀಶೆ ಮೇಲೇನೇ ಬರೆದಿದ್ದೀವಿ, ಮನುಷ್ಯರಿಗಲ್ಲ ಅಂತ."

"ಮನುಷ್ಯರ ಮೂಗು ಮನುಷ್ಯರಿಗಲ್ಲ ಅಂದ್ರೆ ಇನ್ನೇನ್ ಎಮ್ಮೆಗಾ?"

ಮೇಡಂ ನಗು ತಡೆಯಲು ಬಾಗಿಲ ಕಡೆ ನೋಡಿದರು. ತಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ. ಚಿಕ್ಕಪ್ಪನಿಗೆ ಹೇಳಿದರು: "ನೋಡಿ, ಒಳಗಿನ ಕೀಲಿಕೈ ನಿಮ್ಮ ಹತ್ರ ಇದೆ. ಮನೆಯವರು ಗೇಟಿಗೆ ಬಂದು ಮಾಲು ಕೇಳ್ತಾರೆ ಅಂದ್ರೆ ಮೇಲಿನವರು ನನ್ನನ್ನ ಕೇಳ್ತಾರೆ. ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಆ ಕೋಣೆಯಿಂದ ತೆಗೀಬೇಕಾಗುತ್ತೆ."

"ಆಗ್ಲಿ ಮೇಡಂ" ಎಂದು ಚಿಕ್ಕಪ್ಪ ತಲೆ ಬಗ್ಗಿಸಿದರು. ನಮ್ಮ ಕಡೆ ನೋಡದೆ ಒಳಗೆ ಹೋದರು. ನನಗೆ ಮೊದಲ ಬಾರಿಗೆ ನಾಟಕ ನೋಡಿದ್ದು ಸಾಕೆನಿಸಿತು.

ಮಾವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವರು ಮಾತಾಡದೆ ಇದ್ದರೆ ಬೈಕಿನ ಸದ್ದು ಎಷ್ಟು ಜೋರು ಎಂದು ನನಗೆ ಅವತ್ತೇ ಗೊತ್ತಾದದ್ದು. ಮನೆಗೆ ಬರುವಷ್ಟರಲ್ಲಿ ನಿರ್ಧಾರ ಮಾಡಿದ್ದರು: ಬೆಳಗ್ಗೆ ತಂಗಿಯನ್ನು ನಂದಗುಡಿಗೆ ಕರೆದುಕೊಂಡು ಹೋಗುವುದು.

ಬೆಳಗ್ಗೆ ನಾನು ಹಾಲು ಕೊಡಲು ಚಿಕ್ಕಪ್ಪನ ಮನೆಗೆ ಹೋದಾಗ ಚಿಕ್ಕಮ್ಮನ ಬಟ್ಟೆಯ ಚೀಲ ಬಾಗಿಲಲ್ಲಿತ್ತು. ಮಾವ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದರು. ಕಂಪನಿ ಬಸ್ಸಿಗೆ ಹೊರಟ ಚಿಕ್ಕಪ್ಪ ಊಟದ ಡಬ್ಬಿ ಹಿಡಿದು ನಡುಮನೆಯಲ್ಲಿ ನಿಂತಿದ್ದರು. ಮಣೆಯ ಮೇಲೆ ಚಿಕ್ಕಮ್ಮ, ಕೂದಲು ಬಿಚ್ಚಿಕೊಂಡು.

"ನಡಿಯಮ್ಮ ಹೋಗಾಣ. ನಿಮ್ಮತ್ತಿಗೆ ನೋಡ್ಕೊಂತಾಳೆ. ಇಲ್ಲಿ ಇವನು ಕಂಡೋರ ಡಬ್ಬ ಕಾಯ್ಕೊಂಡಿರ್ಲಿ."

ಚಿಕ್ಕಮ್ಮ ಗಂಡನನ್ನು ಕೇಳಿದರು: "ರೀ, ಒಂದ್ ಮಾತು ಹೇಳಿ. ಅದರಿಂದ ವಾಸಿಯಾಗಲ್ಲ ಅಂತ ನಂಗೂ ಗೊತ್ತು. ಆದ್ರೂ ಒಂದ್ ಸಲನಾದ್ರೂ, ನನಗೋಸ್ಕರ ತರೋಣ ಅಂತ ನಿಮಗೆ ಅನ್ನಿಸ್ಲೇ ಇಲ್ವಾ?"

ಚಿಕ್ಕಪ್ಪ ಊಟದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ಅನ್ನಿಸ್ತು."

"ಯಾವಾಗ?"

"ನಿಂಗೆ ಸೀರೆ ನೆರಿಗೆ ಹಿಡಿಯೋಕಾಗ್ದೆ ಅಳ್ತಾ ಕೂತಿದ್ದೆಯಲ್ಲ, ಅವತ್ತು. ಶೀಶೆ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ಯಾರೂ ಇರ್ಲಿಲ್ಲ. ಜೇಬೂ ಇತ್ತು."

"ಮತ್ತೆ?"

"ಡಬ್ಬದಲ್ಲಿಟ್ಟು ಟೇಪ್ ಸುತ್ದೆ. ಇಲ್ಲಿಗೆ ತಂದ್ರೆ ಅದು ಬರೀ ನೀರು ಕಣೇ. ಅಲ್ಲಿ ಯಾರೋ ಅದಕ್ಕೆ ಅಂತ ಕಾಯ್ಕೊಂಡಿರ್ತಾರೆ. ಅವರಿಗೆ ಏನಾದ್ರೂ ಗೊತ್ತಾದ್ರೆ, ಅದು ಬಂದು ಸೇರೋದು ನಿನಗೇ. ಪ್ರತಿ ಡಬ್ಬಾನೂ ನಿನ್ ಹತ್ರಕ್ಕೇ ಬರ್ತಿದೆ ಅಂದ್ಕೊಂಡೇ ಕಟ್ತೀನಿ ನಾನು. ಸ್ವಲ್ಪ ಸುತ್ತಾಕ್ಕೊಂಡು ಬರುತ್ತೆ, ಅಷ್ಟೆ."

ಅಂಗಳದಲ್ಲಿ ಮಾವ ಕೆಮ್ಮಿದರು. ಜೋರಾಗಿ ಅಲ್ಲ.

ಚಿಕ್ಕಮ್ಮ ಮಣೆಯ ಮೇಲೆಯೇ ತಿರುಗಿ, ಗಂಡನಿಗೆ ಬೆನ್ನು ಕೊಟ್ಟು ಕೂತರು. ಕಿಟಕಿಯಲ್ಲಿದ್ದ ಬಾಚಣಿಗೆಯ ಕಡೆ ಕತ್ತಿನಲ್ಲೇ ತೋರಿಸಿ, "ಹೊತ್ತಾಯ್ತು, ಜಡೆ ಹಾಕಿ. ಬಸ್ಸು ಬರುತ್ತೆ" ಎಂದರು.

ಚಿಕ್ಕಪ್ಪ ಡಬ್ಬಿ ಕೆಳಗಿಟ್ಟು ಮೊಣಕಾಲೂರಿ ಕೂತರು. ಕೂದಲನ್ನು ಬಾಚಿ, ಮೂರು ಕವಲು ಮಾಡಿ, ನಾಲಿಗೆ ಕಚ್ಚಿಕೊಂಡು, ಒಂದನ್ನೊಂದು ದಾಟಿಸತೊಡಗಿದರು. ದಿನವೂ ಮಾಡುವ ಕೆಲಸವೆಂದು ನೋಡಿದರೇ ತಿಳಿಯುತ್ತಿತ್ತು. ದಿನವೂ ಮಾಡಿದರೂ ಬಂದಿರಲಿಲ್ಲ ಎಂಬುದೂ ತಿಳಿಯುತ್ತಿತ್ತು. ಪಕ್ಕದ ಗೋಡೆಯ ಆಚೆಗೇ ಇರುವ ನನಗೆ ಇದು ಗೊತ್ತೇ ಇರಲಿಲ್ಲ.

ಊರ ಗೇಟಿನ ಕಡೆಯಿಂದ ಹಾರನ್ ಕೇಳಿಸಿತು. ಚಿಕ್ಕಪ್ಪ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಡಬ್ಬಿ ಎತ್ತಿಕೊಂಡು, "ಬರ್ತೀನಿ ಭಾವ" ಎಂದು ಓಡಿದರು.

ಜಡೆ ಎಡಕ್ಕೆ ವಾಲಿ, ನಡುವೆ ಒಂದು ಕಡೆ ಉಬ್ಬಿ, ಕೆಳಗೆ ಹೋಗುವಷ್ಟರಲ್ಲಿ ಬಲಕ್ಕೆ ತಿರುಗಿತ್ತು. ಮಾವ ಚಪ್ಪಲಿ ಬಿಟ್ಟು ಒಳಗೆ ಬಂದರು. ತಂಗಿಯ ಹಿಂದೆ ನಿಂತು ಅದನ್ನೇ ನೋಡುತ್ತಿದ್ದರು. ಆಮೇಲೆ, ಅವರಿಗಿದೆ ಎಂದು ನನಗೆ ಗೊತ್ತೇ ಇರದ ಒಂದು ಸಣ್ಣ ದನಿಯಲ್ಲಿ ಹೇಳಿದರು:

"ಸೊಟ್ಟ ಬಂದೈತೆ ಕಣಮ್ಮ. ಬಿಚ್ಚಿ ನೆಟ್ಟಗೆ ಹಾಕ್ಲಾ?"

ಚಿಕ್ಕಮ್ಮ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಊದಿದ ಎರಡೂ ಕೈಗಳನ್ನು ಅದರ ಮೇಲೆ ಮುಚ್ಚಿದರು.

"ಮುಟ್ಬೇಡಣ್ಣ. ಸಾಯಂಕಾಲ ಅವರು ಬರೋವರೆಗೂ ಇರ್ಬೇಕು ಅದು."